ಇಟಿಒ ಘಟಕದ ಗಾಳಿ: ಎಲ್ಲಿ ಅಳೆಯಬೇಕು, ಹೇಗೆ ಲೆಕ್ಕ ಇಡಬೇಕು?

ಸಿರಿಂಜ್, ಐವಿ ಸೆಟ್ ಅಥವಾ ಕ್ಯಾಥೆಟರಿನ ಪೊಟ್ಟಣವನ್ನು ತಿರುಗಿಸಿ ನೋಡಿ. ಒಂದು ಮೂಲೆಯಲ್ಲಿ ಚಿಕ್ಕ ಚೌಕಟ್ಟಿನೊಳಗೆ ‘ಸ್ಟೆರೈಲ್ ಇಒ’ ಎಂಬ ಗುರುತಿದ್ದರೆ ಆ ವಸ್ತು ಎಥಿಲಿನ್ ಆಕ್ಸೈಡ್ ಅನಿಲ ತುಂಬಿದ ಚೇಂಬರಿನೊಳಗೆ ಹೋಗಿಬಂದಿದೆ ಎಂದು ತಿಳಿಯಬೇಕು. ಕಾರ್ಖಾನೆಗಳಲ್ಲಿ ಇದನ್ನು ಇಟಿಒ ಎಂದೇ ಕರೆಯುವುದು ರೂಢಿ. ಉಗಿಯ ಶಾಖಕ್ಕೆ ಕರಗಿಹೋಗುವ ಪ್ಲಾಸ್ಟಿಕ್ ಸಾಧನಗಳನ್ನು 40–60 ಡಿಗ್ರಿ ಸೆಲ್ಸಿಯಸ್‌ನಷ್ಟು ಕಡಿಮೆ ಬಿಸಿಯಲ್ಲೇ, ಪ್ಯಾಕಿಂಗ್ ಬಿಚ್ಚದೆ, ಡಬ್ಬದ ಸಮೇತ ಕ್ರಿಮಿಮುಕ್ತ ಮಾಡುವ ಶಕ್ತಿ ಇದಕ್ಕಿದೆ. ಅಮೆರಿಕದಲ್ಲಿ ಕ್ರಿಮಿಮುಕ್ತಗೊಳಿಸುವ ವೈದ್ಯಕೀಯ ಸಾಧನಗಳಲ್ಲಿ ಸುಮಾರು ಅರ್ಧದಷ್ಟು ಇದೇ ಅನಿಲದ ಕೈಯಲ್ಲಿ ಹಾದುಹೋಗುತ್ತವೆ. ನಮ್ಮಲ್ಲೂ ಇದನ್ನು ಬಿಟ್ಟು ಆಸ್ಪತ್ರೆಗಳು ನಡೆಯುವ ದಿನ ಸದ್ಯಕ್ಕೆ ಹತ್ತಿರದಲ್ಲಿಲ್ಲ.

ಆದರೆ ಬ್ಯಾಕ್ಟೀರಿಯಾದ ಡಿಎನ್‌ಎಗೆ ಅಂಟಿಕೊಂಡು ಅದನ್ನು ಕೊಲ್ಲುವ ಅನಿಲ ಮನುಷ್ಯನ ಡಿಎನ್‌ಎಯನ್ನೂ ಬಿಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1994ರಲ್ಲೇ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲನೇ ಗುಂಪಿಗೆ ಸೇರಿಸಿತು. ದೀರ್ಘಕಾಲ ಇದನ್ನು ಉಸಿರಾಡಿದವರಲ್ಲಿ ರಕ್ತ ಮತ್ತು ದುಗ್ಧಗ್ರಂಥಿಗಳ ಕ್ಯಾನ್ಸರ್, ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚು ಎಂಬುದು ಅಧ್ಯಯನಗಳಲ್ಲಿ ಕಂಡಿದೆ. ಇದಕ್ಕೆ ಬಣ್ಣವಿಲ್ಲ. ನವಿರಾದ ಸಿಹಿ ವಾಸನೆಯೇನೋ ಇದೆ, ಆದರೆ ಅದು ಮೂಗಿಗೆ ತಿಳಿಯುವುದು ಗಾಳಿಯಲ್ಲಿ ನೂರಾರು ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ನೂರಾರು ಪಾಲು) ಸೇರಿದ ಮೇಲೆ. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮ ಎಂಟು ಗಂಟೆಯ ಸರಾಸರಿಗೆ ಇಟ್ಟಿರುವ ಮಿತಿ 1 ಪಿಪಿಎಂ. ‘ವಾಸನೆ ಬರುತ್ತಿಲ್ಲ, ಸೋರಿಕೆ ಇಲ್ಲ’ ಎನ್ನುವ ಸೂಪರ್‌ವೈಸರ್ ಮಾತನ್ನು ಆದ್ದರಿಂದ ಯಾರೂ ನಂಬಬಾರದು. ಈ ಅನಿಲವನ್ನು ಉಪಕರಣದಿಂದ ಮಾತ್ರ ಕಾಣಲು ಸಾಧ್ಯ.

ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನ ಜೇಜುರಿಯನ್ನು ಮುಂದಿಟ್ಟುಕೊಂಡು ಈ ವಿಷಯ ಬರೆಯುವುದಕ್ಕೆ ಕಾರಣವಿದೆ. ಅಲ್ಲಿನ ಖಂಡೋಬಾ ನಮ್ಮ ಉತ್ತರ ಕರ್ನಾಟಕದ ಮನೆಮನೆಯ ಮೈಲಾರಲಿಂಗ. ಮೈಲಾರಕ್ಕೆ, ದೇವರಗುಡ್ಡಕ್ಕೆ, ಮಂಗಸೂಳಿಗೆ ನಡೆದುಕೊಳ್ಳುವವರು ಜೇಜುರಿಗೂ ಭಂಡಾರ ಹಿಡಿದು ಹೋಗುತ್ತಾರೆ. ಅದೇ ಜೇಜುರಿಯಲ್ಲಿ ಮಹಾರಾಷ್ಟ್ರದ ಎಂಐಡಿಸಿ ಕೈಗಾರಿಕಾ ಪ್ರದೇಶವೂ ಇದೆ. ಪುಣೆ ಜಿಲ್ಲೆಯ ಕಾರ್ಖಾನೆಗಳಲ್ಲಿ ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯ ಹುಡುಗರು ದುಡಿಯುತ್ತಾರೆ. ಇಂಥ ಕಡೆ ಇಟಿಒ ಘಟಕ ಹಾಕಲು ಹೊರಟವರು, ನಡೆಸುತ್ತಿರುವವರು, ಅದರಲ್ಲಿ ಕೆಲಸ ಮಾಡುವವರು, ಪಕ್ಕದ ವಾಡಿಯಲ್ಲಿ ವಾಸವಿರುವವರು ಎಲ್ಲರಿಗೂ ಬೇಕಾದ ಮಾಹಿತಿ ಇದು. ಕಾಯ್ದೆಗಳು ಕೇಂದ್ರದವು. ಆದ್ದರಿಂದ ಪೀಣ್ಯ, ಬೊಮ್ಮಸಂದ್ರ, ಧಾರವಾಡದ ಬೇಲೂರಿನಲ್ಲಿ ಇರುವವರಿಗೂ ಬಹುಪಾಲು ಇದೇ ದಾರಿ. ಮಹಾರಾಷ್ಟ್ರದ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಗದಲ್ಲಿ ನಮ್ಮ ಮಂಡಳಿಯ ಹೆಸರು ಓದಿಕೊಂಡರೆ ಸಾಕು.

ನಿಯಮ ಎಲ್ಲಿದೆ?

ಮೊದಲ ತೊಡಕು ಇಲ್ಲೇ ಇದೆ. 2009ರ ನವೆಂಬರಿನಲ್ಲಿ ಪ್ರಕಟವಾದ ರಾಷ್ಟ್ರೀಯ ಪರಿವೇಷ್ಟಕ ವಾಯು ಗುಣಮಟ್ಟದ ಮಾನದಂಡಗಳಲ್ಲಿ 12 ಮಾಲಿನ್ಯಕಾರಕಗಳಿವೆ. ಬೆಂಜೀನ್ ಇದೆ, ಸೀಸ ಇದೆ, ಅಮೋನಿಯಾ ಇದೆ. ಎಥಿಲಿನ್ ಆಕ್ಸೈಡ್ ಇಲ್ಲ. ಚಿಮಣಿಗೆ ನಿರಂತರ ಮಾಪಕ ಕೂರಿಸಿ ಆನ್‌ಲೈನ್‌ನಲ್ಲಿ ಮಂಡಳಿಗೆ ಅಂಕಿಅಂಶ ಕಳಿಸಬೇಕು ಎಂದು ಕೇಂದ್ರ ಮಂಡಳಿ 2014ರಲ್ಲಿ 17 ವರ್ಗದ ಹೆಚ್ಚು ಮಾಲಿನ್ಯಕಾರಿ ಕೈಗಾರಿಕೆಗಳಿಗೆ ಆದೇಶ ಕೊಟ್ಟಿತು. ಸಿಮೆಂಟ್, ಸಕ್ಕರೆ, ಉಕ್ಕು ಆ ಪಟ್ಟಿಯಲ್ಲಿವೆ. ಸಾಧನಗಳನ್ನು ಕ್ರಿಮಿಮುಕ್ತಗೊಳಿಸುವ ಘಟಕಗಳು ಅದರಲ್ಲಿಲ್ಲ. 2012ರ ಪೆಟ್ರೋಕೆಮಿಕಲ್ ಮಾನದಂಡಗಳಲ್ಲಿ ಎಥಿಲಿನ್ ಆಕ್ಸೈಡಿನ ಹೆಸರಿದ್ದರೂ ಅವು ಪೆಟ್ರೋಕೆಮಿಕಲ್ ಕಾರ್ಖಾನೆಗಳಿಗಾಗಿ ಬರೆದವು.

ಹಾಗಾದರೆ ಘಟಕದವರನ್ನು ಕಟ್ಟಿಹಾಕುವ ಕಾಗದ ಯಾವುದು? 1981ರ ವಾಯು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಮಂಡಳಿ ಕೊಡುವ ಸಮ್ಮತಿ ಪತ್ರ. ಕಟ್ಟಡಕ್ಕೆ ಪಾಯ ತೋಡುವ ಮೊದಲು ಸ್ಥಾಪನಾ ಸಮ್ಮತಿ, ಮೊದಲ ಬ್ಯಾಚ್ ಓಡಿಸುವ ಮೊದಲು ಕಾರ್ಯಾಚರಣೆ ಸಮ್ಮತಿ. ಅದರ ಹಿಂದೆ ಲಗತ್ತಿಸಿದ ಷರತ್ತುಗಳ ಪುಟಗಳೇ ನಿಮ್ಮ ಘಟಕದ ಮಟ್ಟಿಗೆ ಕಾನೂನು. ಯಾವ ಚಿಮಣಿ, ಎಷ್ಟು ಎತ್ತರ, ಏನನ್ನು ಅಳೆಯಬೇಕು, ಎಷ್ಟು ದಿನಕ್ಕೊಮ್ಮೆ ಎಂಬುದೆಲ್ಲ ಅಲ್ಲಿರುತ್ತದೆ.

ಸಮ್ಮತಿ ಪತ್ರದಲ್ಲಿ ಬರುವುದು ಅರ್ಜಿಯಲ್ಲಿ ಬರೆದದ್ದರ ಪ್ರತಿಬಿಂಬವೇ. ಬಾಯ್ಲರ್, ಡೀಸೆಲ್ ಜನರೇಟರ್ ಕಾಲಂಗಳನ್ನು ಚೆಂದವಾಗಿ ತುಂಬಿ, ಇಟಿಒ ಬಗ್ಗೆ ‘ಸ್ಟೆರಿಲೈಸೇಶನ್ ಪ್ರಕ್ರಿಯೆ’ ಎಂದು ಎರಡು ಪದ ಬರೆದು ಸುಮ್ಮನಾದರೆ, ಬರುವ ಷರತ್ತುಗಳೂ ಬಾಯ್ಲರಿನ ಹೊಗೆಯ ಬಗ್ಗೆಯೇ ಇರುತ್ತವೆ. ಪ್ರಯೋಗಾಲಯದವರು ಬಂದು ದೂಳು, ಗಂಧಕದ ಡೈಆಕ್ಸೈಡ್, ಸಾರಜನಕದ ಆಕ್ಸೈಡ್ ಅಳೆದು ‘ಎಲ್ಲವೂ ಮಿತಿಯೊಳಗೆ’ ಎಂಬ ವರದಿ ಕೊಡುತ್ತಾರೆ. ವರದಿ ಸುಳ್ಳಲ್ಲ. ಆದರೆ ಆ ಘಟಕದ ನಿಜವಾದ ವಿಷಾನಿಲದ ಹೆಸರೇ ಅದರಲ್ಲಿ ಇರುವುದಿಲ್ಲ. ಇಟಿಒ ಘಟಕದ ವರದಿಯಲ್ಲಿ ನಾನು ಮೊದಲು ಹುಡುಕುವುದು ಆ ಒಂದು ಸಾಲನ್ನು. ಅದಿಲ್ಲದಿದ್ದರೆ ಉಳಿದ ಪುಟಗಳಿಂದ ಆ ಘಟಕದ ಬಗ್ಗೆ ತಿಳಿಯುವುದು ಅಷ್ಟಕ್ಕಷ್ಟೆ.

ಆದ್ದರಿಂದ ಅರ್ಜಿಯಲ್ಲೇ ವರ್ಷಕ್ಕೆ ಎಷ್ಟು ಕೆ.ಜಿ. ಇಟಿಒ ಬಳಸುತ್ತೀರಿ, ಎಷ್ಟು ಸಿಲಿಂಡರ್ ಒಮ್ಮೆಗೆ ಇಟ್ಟುಕೊಳ್ಳುತ್ತೀರಿ, ಚೇಂಬರುಗಳೆಷ್ಟು, ಅನಿಲ ಯಾವ ಯಾವ ದಾರಿಯಲ್ಲಿ ಹೊರಬರುತ್ತದೆ, ಪ್ರತಿ ದಾರಿಗೂ ಯಾವ ನಿಯಂತ್ರಣ ಇದೆ ಎಂದು ಬಿಡಿಸಿ ಬರೆಯಿರಿ. ಹೀಗೆ ಬರೆದರೆ ಷರತ್ತು ಬಿಗಿಯಾಗುತ್ತದೆ ಎಂಬ ಅಂಜಿಕೆ ಮಾಲೀಕರಿಗಿರುತ್ತದೆ. ಬಿಗಿಯಾಗಲಿ. ನಾಳೆ ಸೋರಿಕೆಯಾದಾಗ ‘ಮಂಡಳಿಗೆ ಎಲ್ಲ ತಿಳಿಸಿದ್ದೆವು’ ಎಂದು ತೋರಿಸಲು ಇರುವ ಕಾಗದ ಅದೊಂದೇ.

ಇದರ ಜೊತೆಗೆ ಇನ್ನೂ ಕೆಲವು ನಿಯಮಗಳು ಹೆಣೆದುಕೊಂಡಿವೆ. ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹ ಮತ್ತು ಆಮದು ನಿಯಮಗಳು 1989ರವು. ಎಥಿಲಿನ್ ಆಕ್ಸೈಡ್ ಆ ಪಟ್ಟಿಯಲ್ಲಿದೆ. ಸಿಲಿಂಡರ್ ದಾಸ್ತಾನಿಗೆ 2016ರ ಗ್ಯಾಸ್ ಸಿಲಿಂಡರ್ ನಿಯಮಗಳು ಅನ್ವಯ. ಅದನ್ನು ನೋಡಿಕೊಳ್ಳುವುದು ನಾಗಪುರದಲ್ಲಿ ಮುಖ್ಯ ಕಚೇರಿ ಇರುವ ಸ್ಫೋಟಕ ಸುರಕ್ಷತಾ ಸಂಸ್ಥೆ, ಅಂದರೆ ಪೆಸೊ. ಹೊರಹೋಗುವ ಅನಿಲವನ್ನು ದ್ರವದಲ್ಲಿ ಹಿಡಿಯುವ ಸ್ಕ್ರಬ್ಬರಿನ ಬಳಸಿದ ದ್ರವಕ್ಕೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಿವೆ. ಒಳಗಿನ ಕಾರ್ಮಿಕರ ಸುರಕ್ಷತೆ ಮಹಾರಾಷ್ಟ್ರದಲ್ಲಿ ಕೈಗಾರಿಕಾ ಸುರಕ್ಷತೆ ಮತ್ತು ಆರೋಗ್ಯ ನಿರ್ದೇಶನಾಲಯದ ಕೈಯಲ್ಲಿದೆ, ಕರ್ನಾಟಕದಲ್ಲಿ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಯ ಕೈಯಲ್ಲಿ.

ಅನಿಲ ಹೊರಬೀಳುವ ದಾರಿಗಳು

ಚೇಂಬರಿನ ಕೆಲಸ ತಿಳಿದರೆ ಅಳತೆ ಎಲ್ಲಿ ಬೇಕೆಂದು ತಾನಾಗಿ ಹೊಳೆಯುತ್ತದೆ. ಪ್ಯಾಲೆಟ್ ಒಳಗೆ ಹೋದ ಮೇಲೆ ವ್ಯಾಕ್ಯೂಮ್ ಎಳೆದು, ತೇವಾಂಶ ಕೊಟ್ಟು, ಅನಿಲ ಬಿಡುತ್ತಾರೆ. ಹಲವು ಗಂಟೆ ನಿಂತ ಮೇಲೆ ಮತ್ತೆ ವ್ಯಾಕ್ಯೂಮ್. ಬಳಿಕ ನೈಟ್ರೋಜನ್ ಅಥವಾ ಗಾಳಿ ತುಂಬಿ ಎಳೆಯುವ ‘ಗ್ಯಾಸ್ ವಾಷ್’ ಹಲವು ಸಲ ನಡೆಯುತ್ತದೆ. ಕೊನೆಗೆ ಬಾಗಿಲು ತೆರೆದು ಪ್ಯಾಲೆಟನ್ನು ಏರಿಯೇಶನ್ ಕೋಣೆಗೆ ಸಾಗಿಸುತ್ತಾರೆ. ಪ್ಲಾಸ್ಟಿಕ್ ಮತ್ತು ರಟ್ಟು ಹೀರಿಕೊಂಡ ಅನಿಲ ಅಲ್ಲಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನಿಧಾನವಾಗಿ ಬಿಡುಗಡೆಯಾಗುತ್ತದೆ.

ವ್ಯಾಕ್ಯೂಮ್ ಪಂಪಿನ ಹೊರದಾರಿ ಎಲ್ಲರ ಕಣ್ಣಿಗೂ ಬೀಳುತ್ತದೆ, ಅದಕ್ಕೆ ಸ್ಕ್ರಬ್ಬರ್ ಅಥವಾ ಅನಿಲವನ್ನು ಸುಡುವ ಕ್ಯಾಟಲಿಟಿಕ್ ಆಕ್ಸಿಡೈಸರ್ ಜೋಡಿಸಿರುತ್ತಾರೆ. ಎರಡನೆಯದು ‘ಬ್ಯಾಕ್ ವೆಂಟ್’: ಬಾಗಿಲು ತೆರೆದಾಗ ಚೇಂಬರಿನ ಹಿಂಬದಿಯಿಂದ ಗಾಳಿ ಎಳೆಯುವ ಫ್ಯಾನ್. ಮೂರನೆಯದು ಏರಿಯೇಶನ್ ಕೋಣೆಯ ಎಕ್ಸಾಸ್ಟ್. ನಾಲ್ಕನೆಯದಕ್ಕೆ ಕೊಳವೆಯೇ ಇಲ್ಲ. ಸಿಲಿಂಡರ್ ಜೋಡಿಸುವ ಜಾಗ, ಗ್ಯಾಸ್ಕೆಟ್, ಕವಾಟ, ಪ್ಯಾಲೆಟ್ ಸಾಗುವ ಕಾರಿಡಾರ್, ಮಾಲು ಕೂಡಿಟ್ಟ ಗೋದಾಮು, ಇವೆಲ್ಲದರಿಂದ ಕೋಣೆಗೆ ಬಂದು ಕಿಟಕಿ, ಶಟರ್ ಮೂಲಕ ಹೊರಹೋಗುವ ಗಾಳಿ.

ಇನ್ನೊಂದು ದಾರಿಯನ್ನು ಘಟಕದೊಳಗೆ ಕಾಲಿಟ್ಟವರು ನೆಲ ನೋಡಿದರೆ ಮಾತ್ರ ಕಾಣುತ್ತದೆ. ವ್ಯಾಕ್ಯೂಮ್ ಪಂಪ್ ನೀರಿನಿಂದ ನಡೆಯುವ ಲಿಕ್ವಿಡ್ ರಿಂಗ್ ಮಾದರಿಯದಾಗಿದ್ದು, ಆ ನೀರು ಒಮ್ಮೆ ಹಾದು ಚರಂಡಿಗೆ ಹೋಗುವಂತಿದ್ದರೆ, ಅನಿಲ ನೀರಿನಲ್ಲಿ ಕರಗಿ ಚರಂಡಿ ಸೇರುತ್ತದೆ. ಅಲ್ಲಿಂದ ಮತ್ತೆ ಗಾಳಿಗೆ ಏಳುತ್ತದೆ. ನಿಯಂತ್ರಣವಿಲ್ಲದ ಹಳೆಯ ಘಟಕಗಳಲ್ಲಿ ಒಟ್ಟು ಹೊರಸೂಸುವಿಕೆಯ ಅರ್ಧದ ಹತ್ತಿರದ ಪಾಲು ಈ ಚರಂಡಿಯಿಂದಲೇ ಎಂದು ಅಮೆರಿಕದ ಅಂದಾಜುಗಳು ಹೇಳುತ್ತಿದ್ದವು. ತಟಸ್ಥ ನೀರಿನಲ್ಲಿ ಎಥಿಲಿನ್ ಆಕ್ಸೈಡಿನ ಅರ್ಧಭಾಗ ಒಡೆಯಲು ಸುಮಾರು 12ರಿಂದ 14 ದಿನ ಬೇಕು. ‘ನೀರಿಗೆ ಬಿಟ್ಟರೆ ಮುಗಿಯಿತು’ ಎಂಬುದು ಶುದ್ಧ ತಪ್ಪು ತಿಳಿವಳಿಕೆ. ಪಂಪನ್ನು ಡ್ರೈ ಮಾದರಿಗೆ ಬದಲಿಸುವುದು, ಇಲ್ಲವೇ ಅದೇ ನೀರನ್ನು ಮುಚ್ಚಿದ ವ್ಯವಸ್ಥೆಯಲ್ಲಿ ತಿರುಗಿಸಿ ಸ್ಕ್ರಬ್ಬರಿಗೆ ಕೊಡುವುದು, ಎರಡರಲ್ಲಿ ಒಂದು ಆಗಲೇಬೇಕು.

ಕೆ.ಜಿ. ಲೆಕ್ಕ

ಇಟಿಒ ಘಟಕಕ್ಕೆ ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಪ್ರಾಮಾಣಿಕ ಮಾಪಕವೆಂದರೆ ಸಿಲಿಂಡರ್ ತೂಗುವ ತಕ್ಕಡಿ. ಕಿರಾಣಿ ಅಂಗಡಿಯವನು ಸಂಜೆ ಗಲ್ಲಾ ತಾಳೆ ನೋಡಿದಂತೆ, ತಿಂಗಳ ಕೊನೆಗೆ ಇಲ್ಲೂ ತಾಳೆ ನೋಡಬೇಕು.

ಲೆಕ್ಕ ಹೇಗೆಂದರೆ, ತಿಂಗಳಿಗೆ 600 ಕೆ.ಜಿ. ಇಟಿಒ ಬಳಕೆಯಾಯಿತು ಎಂದುಕೊಳ್ಳಿ. ಅದರಲ್ಲಿ 5 ಪ್ರತಿಶತ, ಅಂದರೆ 30 ಕೆ.ಜಿ., ಮಾಲಿನೊಳಗೆ ಹೀರಿಕೊಂಡು ಏರಿಯೇಶನ್ ಕೋಣೆಗೆ ಹೋಯಿತು ಎನ್ನಿ. ಉಳಿದ 570 ಕೆ.ಜಿ. ಪಂಪಿನ ಮೂಲಕ ಸ್ಕ್ರಬ್ಬರಿಗೆ ಹೋಗುತ್ತದೆ. ಸ್ಕ್ರಬ್ಬರ್ 99 ಪ್ರತಿಶತ ಹಿಡಿಯುತ್ತದೆ ಎಂದರೆ ಹೊರಗೆ ಬೀಳುವುದು 5.7 ಕೆ.ಜಿ. ಏರಿಯೇಶನ್ ಕೋಣೆಯ ಫ್ಯಾನ್ ಮಾತ್ರ ನೇರ ಛಾವಣಿಗೆ ತೆರೆದಿದ್ದರೆ ಅಲ್ಲಿಂದ ಪೂರ್ತಿ 30 ಕೆ.ಜಿ. ಗಾಳಿಗೆ ಸೇರಿತು. ಲಕ್ಷಾಂತರ ರೂಪಾಯಿ ಕೊಟ್ಟು ಹಾಕಿದ ಸ್ಕ್ರಬ್ಬರಿನ ಬಾಯಿಯಿಂದ ಬಂದದ್ದಕ್ಕಿಂತ ಐದು ಪಟ್ಟಿಗೂ ಹೆಚ್ಚು, ಯಾರೂ ಅಳೆಯದ ಒಂದು ಫ್ಯಾನಿನಿಂದ. ಸ್ಕ್ರಬ್ಬರನ್ನು 99.9ಕ್ಕೆ ಏರಿಸಿದರೂ ಆ 30 ಕೆ.ಜಿ. ಹಾಗೆಯೇ ಉಳಿಯುತ್ತದೆ. ಹಣ ಹಾಕುವ ಮೊದಲು ಈ ಲೆಕ್ಕ ಕಾಗದದ ಮೇಲೆ ಇಳಿಯಬೇಕು ಎನ್ನುವುದು ಇದಕ್ಕೇ.

ಸ್ಕ್ರಬ್ಬರಿನ ಒಳಗೇ ಇನ್ನೊಂದು ತಾಳೆ ಇದೆ. ಅದರಲ್ಲಿರುವುದು ದುರ್ಬಲ ಗಂಧಕಾಮ್ಲ. ಆಮ್ಲದ ಸಹಾಯದಿಂದ ಎಥಿಲಿನ್ ಆಕ್ಸೈಡ್ ನೀರಿನೊಡನೆ ಕೂಡಿ ಎಥಿಲಿನ್ ಗ್ಲೈಕಾಲ್ ಆಗುತ್ತದೆ. 44 ಕೆ.ಜಿ. ಅನಿಲಕ್ಕೆ 62 ಕೆ.ಜಿ. ಗ್ಲೈಕಾಲ್. ಮೇಲಿನ ಉದಾಹರಣೆಯಲ್ಲಿ ಸ್ಕ್ರಬ್ಬರ್ ನಿಜಕ್ಕೂ 99 ಪ್ರತಿಶತ ಹಿಡಿದಿದ್ದರೆ ತಿಂಗಳಿಗೆ ಸುಮಾರು 795 ಕೆ.ಜಿ. ಗ್ಲೈಕಾಲ್ ಕೂಡಿರಬೇಕು. ಸ್ವಲ್ಪ ಪಾಲು ಡೈಎಥಿಲಿನ್ ಗ್ಲೈಕಾಲ್ ಮುಂತಾದವಾಗಿ ಬದಲಾಗುವುದರಿಂದ ಅಂಕಿ ಕರಾರುವಾಕ್ಕಾಗಿ ಹೊಂದುವುದಿಲ್ಲ. ಆದರೆ ಟ್ಯಾಂಕಿನಲ್ಲಿ 400 ಕೆ.ಜಿ.ಯಷ್ಟೇ ಸಿಕ್ಕರೆ ಉಳಿದ ಅನಿಲ ಎಲ್ಲಿ ಹೋಯಿತು ಎಂದು ಆ ದಿನವೇ ಕೇಳಬೇಕು. ಪಿಎಚ್ ಏರಿದೆಯೇ, ಪಂಪ್ ಸುತ್ತಾಟ ಕಡಿಮೆಯಾಗಿದೆಯೇ, ನಳಿಕೆ ಕಟ್ಟಿಕೊಂಡಿದೆಯೇ? ಪಿಎಚ್, ದ್ರವದ ಮಟ್ಟ, ಗ್ಲೈಕಾಲ್ ಪ್ರಮಾಣ ಈ ಮೂರನ್ನೂ ರಿಜಿಸ್ಟರಿನಲ್ಲಿ ಬರೆಯುವುದನ್ನು ಪಾಳಿಯ ಆಪರೇಟರಿನ ಕೆಲಸದ ಭಾಗವಾಗಿಸಿ. ಆಕ್ಸಿಡೈಸರ್ ಇದ್ದವರು ಅದರ ಉಷ್ಣಾಂಶವನ್ನು ಬಿಡುವಿಲ್ಲದೆ ದಾಖಲಿಸಬೇಕು. ಕ್ಯಾಟಲಿಸ್ಟ್ ತಣ್ಣಗಿದ್ದರೆ ಅನಿಲ ಸುಡದೆ ಹಾಗೆಯೇ ಹೊರಗೆ ಹೋಗುತ್ತದೆ.

ಚಿಮಣಿ ಪರೀಕ್ಷೆಗೆ ಯಾವಾಗ ಕರೆಯಬೇಕು?

ಪ್ರಯೋಗಾಲಯವನ್ನು ಆರಿಸುವಾಗ ಎನ್‌ಎಬಿಎಲ್ ಮಾನ್ಯತೆ ಇದೆಯೇ, ಪರಿಸರ ಸಂರಕ್ಷಣಾ ಕಾಯ್ದೆಯಡಿ ಮಾನ್ಯತೆ ಇದೆಯೇ ಎಂದು ಎಲ್ಲರೂ ಕೇಳುತ್ತಾರೆ. ಅದು ಸಾಲದು. ಆ ಮಾನ್ಯತೆಯ ಪಟ್ಟಿಯಲ್ಲಿ ಎಥಿಲಿನ್ ಆಕ್ಸೈಡ್ ಇದೆಯೇ, ಯಾವ ವಿಧಾನದಲ್ಲಿ ಅಳೆಯುತ್ತಾರೆ, ಎಷ್ಟು ಕಡಿಮೆ ಪ್ರಮಾಣದವರೆಗೆ ಕಾಣಬಲ್ಲರು ಎಂದು ಕೇಳಿ, ಲಿಖಿತವಾಗಿ ಪಡೆಯಿರಿ. ಚಿಮಣಿಯಲ್ಲಿ ಇದನ್ನು ಅಳೆಯಲು ಗ್ಯಾಸ್ ಕ್ರೊಮ್ಯಾಟೋಗ್ರಫಿ ಅಥವಾ ಇನ್ಫ್ರಾರೆಡ್ ಸ್ಪೆಕ್ಟ್ರೋಸ್ಕೋಪಿ ಬೇಕು. ದೂಳು ಅಳೆಯುವ ಪೆಟ್ಟಿಗೆ ಹೊತ್ತು ಬಂದವರಿಂದ ಇದು ಆಗದು.

ಸಮಯ ಇನ್ನೂ ಮುಖ್ಯ. ಇದು ಬಾಯ್ಲರಿನಂತೆ ದಿನವಿಡೀ ಒಂದೇ ಹದದಲ್ಲಿ ಬಿಡುವ ಚಿಮಣಿ ಅಲ್ಲ. ಅನಿಲದ ಬಹುಪಾಲು ಮೊದಲ ವ್ಯಾಕ್ಯೂಮಿನ ಹೊತ್ತಿನಲ್ಲೇ ಹೊರನುಗ್ಗುತ್ತದೆ. ಎರಡು ಬ್ಯಾಚುಗಳ ನಡುವೆ ಬಂದು, ಚಹಾ ಕುಡಿದು, ಸ್ಯಾಂಪಲ್ ಹಿಡಿದು ಹೋದವರ ವರದಿಯಲ್ಲಿ ಸೊನ್ನೆಯೇ ಬರುತ್ತದೆ. ಸ್ಯಾಂಪಲ್ ಹಿಡಿದ ನಿಮಿಷಗಳನ್ನೂ ಚೇಂಬರಿನ ಸೈಕಲ್ ಪ್ರಿಂಟ್‌ಔಟನ್ನೂ ವರದಿಗೆ ಲಗತ್ತಿಸಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಪರೀಕ್ಷೆ ನಿಜವಾದದ್ದೋ ಅಲ್ಲವೋ ಯಾರಿಗಾದರೂ ತಿಳಿಯುತ್ತದೆ. ಸ್ಕ್ರಬ್ಬರಿನ ಒಳಬರುವ ಕೊಳವೆ, ಹೊರಹೋಗುವ ಕೊಳವೆ ಎರಡರಲ್ಲೂ ಒಂದೇ ಹೊತ್ತಿಗೆ ಅಳೆದರೆ ಮಾತ್ರ ಎಷ್ಟು ಪ್ರತಿಶತ ಹಿಡಿಯಿತು ಎಂದು ಹೇಳಲು ಬರುತ್ತದೆ. ಸ್ಯಾಂಪಲ್ ರಂಧ್ರ ಬಾಗು, ಫ್ಯಾನ್‌ಗಳಿಂದ ಕೊಳವೆಯ ವ್ಯಾಸದ ಎಂಟು ಪಟ್ಟು ಮುಂದೆ, ಬಾಯಿಯಿಂದ ಎರಡು ಪಟ್ಟು ಹಿಂದೆ ಇರಬೇಕೆಂಬುದು ಸಾಮಾನ್ಯ ಕ್ರಮ. ಏಣಿ, ಕಟಕಟೆ ಇರುವ ಕಟ್ಟೆ, ವಿದ್ಯುತ್ ಇಲ್ಲದ ಕಡೆ ಯಾರೂ ಸರಿಯಾಗಿ ಅಳೆಯಲಾರರು. ಇದನ್ನು ಕಟ್ಟುವಾಗಲೇ ಮಾಡಿಸಿ.

ಬೇಲಿಯ ಹೊರಗಿನ ಗಾಳಿಯನ್ನೂ ನೋಡಬೇಕು. ಇಲ್ಲಿ ಒಂದು ಎಚ್ಚರ: ಯಾವ ಘಟಕವೂ ಹತ್ತಿರವಿಲ್ಲದ ಊರಿನ ಗಾಳಿಯಲ್ಲೂ ಘನ ಮೀಟರಿಗೆ ಮೈಕ್ರೋಗ್ರಾಂನ ಒಂದು ಸಣ್ಣ ಪಾಲಿನಷ್ಟು ಎಥಿಲಿನ್ ಆಕ್ಸೈಡ್ ಸಿಗುವುದು ಅಮೆರಿಕದ ಅಳತೆಗಳಲ್ಲಿ ಕಂಡಿದೆ. ಉಕ್ಕಿನ ಡಬ್ಬಿಯಲ್ಲಿ ಹಿಡಿದ ಸ್ಯಾಂಪಲಿನಲ್ಲಿ ಡಬ್ಬಿಯೇ ತಪ್ಪು ಅಂಕಿ ತೋರಿಸಿದ್ದೂ ಉಂಟು. ಆದ್ದರಿಂದ ಗಾಳಿ ಬರುವ ದಿಕ್ಕಿನಲ್ಲೊಂದು, ಹೋಗುವ ದಿಕ್ಕಿನಲ್ಲೊಂದು ಸ್ಯಾಂಪಲನ್ನು ಒಂದೇ ಹೊತ್ತಿಗೆ ಹಿಡಿದು ವ್ಯತ್ಯಾಸ ನೋಡಬೇಕು. ಜೇಜುರಿಯಲ್ಲಿ ಮುಂಗಾರಿನಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ, ಚಳಿಗಾಲದಲ್ಲಿ ಮೂಡಣ ಕಡೆಯಿಂದ. ವರ್ಷಕ್ಕೊಮ್ಮೆ ಒಂದೇ ಮೂಲೆಯಲ್ಲಿ ಅಳೆದರೆ ಅರ್ಧ ವರ್ಷದ ಕಥೆ ತಪ್ಪಿಹೋಗುತ್ತದೆ. ಅಲ್ಲಿಯ ಜನಸಂಖ್ಯೆಯನ್ನೂ ಜನಗಣತಿಯ ಅಂಕಿಯಿಂದ ಅಳೆಯುವ ಹಾಗಿಲ್ಲ. ಸೋಮವತಿ ಅಮಾವಾಸ್ಯೆಗೆ ಖಂಡೋಬಾನ ಪಲ್ಲಕ್ಕಿ ಕರ್ಹಾ ನದಿಗೆ ಇಳಿಯುವ ದಿನ, ಆಳಂದಿಯ ಜ್ಞಾನೇಶ್ವರ ಪಾಲಕಿ ಪಂಢರಪುರದ ದಾರಿಯಲ್ಲಿ ಅಲ್ಲಿ ತಂಗುವ ದಿನ, ಊರು ಜನರಿಂದ ತುಂಬಿ ತುಳುಕುತ್ತದೆ. ತುರ್ತು ಯೋಜನೆ ಬರೆಯುವವರು ಆ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತಿಸಿಕೊಳ್ಳಬೇಕು. ಅಂಥ ದಿನ ಸಿಲಿಂಡರ್ ಲಾರಿಯನ್ನು ತರಿಸದಿರುವುದು ಯಾವ ಷರತ್ತಿನಲ್ಲಿ ಬರೆದಿಲ್ಲದಿದ್ದರೂ ವಿವೇಕದ ಕೆಲಸ.

ಕೋಣೆಯೊಳಗಿನ ಅಲಾರಂ

ಸಿಲಿಂಡರ್ ಕೋಣೆ, ಚೇಂಬರ್ ಬಾಗಿಲು, ಪಂಪ್, ಏರಿಯೇಶನ್ ಕೋಣೆ, ಗೋದಾಮು ಇಷ್ಟು ಕಡೆ ಡಿಟೆಕ್ಟರ್ ಬೇಕು. 1 ಪಿಪಿಎಂಗೆ ಮೊದಲ ಎಚ್ಚರಿಕೆ, 5 ಪಿಪಿಎಂಗೆ ಹೊರಗೆ ಓಡುವ ಗಂಟೆ, ಈ ಎರಡು ಹಂತ ರೂಢಿಯಲ್ಲಿವೆ. ಅಮೆರಿಕದ ನಿಯಮದಲ್ಲಿ 15 ನಿಮಿಷದ ಮಿತಿ 5 ಪಿಪಿಎಂ. ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ್ದರಿಂದ ಸಿಲಿಂಡರ್ ಕಡೆಯ ಡಿಟೆಕ್ಟರ್ ನೆಲಕ್ಕೆ ಹತ್ತಿರ ಇರಲಿ. ಜನ ಓಡಾಡುವ ಕಡೆ ಮೂಗಿನ ಎತ್ತರಕ್ಕೆ.

ಈ ಅಲಾರಂಗಳು ಸಾಯುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಎಲೆಕ್ಟ್ರೋಕೆಮಿಕಲ್ ಸೆನ್ಸರಿಗೆ ಎಥಿಲಿನ್ ಆಕ್ಸೈಡಿಗೂ ಆಲ್ಕೋಹಾಲಿಗೂ ನಡುವಿನ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ. ಪಕ್ಕದಲ್ಲಿ ಯಾರೋ ಸ್ಯಾನಿಟೈಸರ್ ಹಚ್ಚಿಕೊಂಡರೂ, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಮೇಜು ಒರೆಸಿದರೂ ಕೂಗುತ್ತದೆ. ನಾಲ್ಕು ಸಲ ಸುಳ್ಳು ಕೂಗಿದ ಮೇಲೆ ಐದನೇ ಸಲ ಯಾರೋ ಮ್ಯೂಟ್ ಒತ್ತುತ್ತಾರೆ. ಆಮೇಲೆ ಅದು ಮ್ಯೂಟ್‌ನಲ್ಲೇ ಉಳಿಯುತ್ತದೆ. ಮಾಡಬೇಕಾದ್ದು ಅಲಾರಂ ಸುತ್ತ ಆಲ್ಕೋಹಾಲ್ ನಿಷೇಧ, ತಯಾರಕರು ಹೇಳಿದ ಅವಧಿಗೆ ಸರಿಯಾಗಿ ನಿಜವಾದ ಇಟಿಒ ಮಿಶ್ರಣದಿಂದ ಕ್ಯಾಲಿಬ್ರೇಶನ್, ಮತ್ತು ಪ್ರತಿ ಕೂಗಿಗೂ ಕಾರಣ ಬರೆಯುವ ರಿಜಿಸ್ಟರ್. ಇದರ ಜೊತೆಗೆ ಕಾರ್ಮಿಕರ ಕಾಲರಿಗೆ ಬ್ಯಾಡ್ಜ್ ಅಥವಾ ಇದ್ದಿಲಿನ ನಳಿಕೆ ಸಿಕ್ಕಿಸಿ ಪಾಳಿಯ ಎಂಟು ಗಂಟೆಯ ಸರಾಸರಿ ಅಳೆಯಬೇಕು. ಸಿಲಿಂಡರ್ ಬದಲಿಸುವವನಿಗೆ, ಪ್ಯಾಲೆಟ್ ಹೊರತೆಗೆಯುವವನಿಗೆ 15 ನಿಮಿಷದ ಅಳತೆ ಬೇರೆ. ಗೋಡೆಯ ಮೇಲಿನ ಡಿಟೆಕ್ಟರ್ ಗೋಡೆಯ ಗಾಳಿಯನ್ನಷ್ಟೇ ಹೇಳುತ್ತದೆ. ಸೋರಿಕೆಯಾದಾಗ ಸಾಮಾನ್ಯ ಮಾಸ್ಕ್ ಹಾಕಿ ಒಳಗೆ ಹೋಗುವುದು ಜೀವದ ಜೊತೆ ಆಟ. ಗಾಳಿ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ತರಬೇತಾದ ಇಬ್ಬರು ಮಾತ್ರ ಹೋಗಬೇಕು.

ನಿಯಂತ್ರಣ ಸಾಧನದಿಂದಲೇ ಸ್ಫೋಟವಾದಾಗ

ಗಾಳಿ ಶುದ್ಧ ಮಾಡಲು ಹೋಗಿ ಪ್ರಾಣಕ್ಕೆ ಕುತ್ತು ತಂದುಕೊಂಡ ಉದಾಹರಣೆಗಳೂ ಇವೆ. ಎಥಿಲಿನ್ ಆಕ್ಸೈಡ್ ಗಾಳಿಯಲ್ಲಿ ಸುಮಾರು 3 ಪ್ರತಿಶತ ಸೇರಿದರೆ ಹೊತ್ತಿಕೊಳ್ಳುತ್ತದೆ, ನೂರಕ್ಕೆ ನೂರು ಇದ್ದರೂ ಹೊತ್ತಿಕೊಳ್ಳುತ್ತದೆ. 2004ರ ಆಗಸ್ಟ್ 19ರಂದು ಕ್ಯಾಲಿಫೋರ್ನಿಯಾದ ಒಂಟಾರಿಯೊ ಪಟ್ಟಣದ ಸ್ಟೆರಿಜೆನಿಕ್ಸ್ ಘಟಕದಲ್ಲಿ ದುರಸ್ತಿ ಮುಗಿಸಿದ ತಂತ್ರಜ್ಞರು ಚೇಂಬರ್ ಪರೀಕ್ಷಿಸುತ್ತಿದ್ದರು. ಒಳಗೆ ಅನಿಲ ಉಳಿದಿಲ್ಲ ಎಂದು ನಂಬಿ, ಪಾಸ್‌ವರ್ಡ್ ಬಳಸಿ ಗ್ಯಾಸ್ ವಾಷ್ ಹಂತಗಳನ್ನು ಹಾರಿಸಿ ಬಾಗಿಲು ತೆರೆದರು. ಬ್ಯಾಕ್ ವೆಂಟ್ ಫ್ಯಾನ್ ಉಳಿದ ಅನಿಲವನ್ನು ಎಳೆದು ಉರಿಯುತ್ತಿದ್ದ ಆಕ್ಸಿಡೈಸರಿಗೆ ಒಯ್ದಿತು. ಬೆಂಕಿ ಕೊಳವೆಯಲ್ಲೇ ಹಿಂದಿರುಗಿ ಚೇಂಬರ್ ಸ್ಫೋಟಿಸಿತು. ನಾಲ್ವರಿಗೆ ಗಾಯ. ತನಿಖೆ ಮಾಡಿದ ಅಮೆರಿಕದ ರಾಸಾಯನಿಕ ಸುರಕ್ಷತಾ ಮಂಡಳಿಗೆ ಕಂಡ ಮುಖ್ಯ ಕೊರತೆ ಚೇಂಬರಿನೊಳಗಿನ ಅನಿಲವನ್ನು ಅಳೆಯುವ ಸಾಧನ ಇಲ್ಲದಿದ್ದದ್ದು.

ಇದಕ್ಕೂ ಮೊದಲು ನಡೆದಿದ್ದ ಇಂಥ ಸ್ಫೋಟಗಳ ಭಯದಿಂದಲೇ ಅಮೆರಿಕ ಬ್ಯಾಕ್ ವೆಂಟ್ ನಿಯಂತ್ರಣದ ನಿಯಮವನ್ನು 2001ರಲ್ಲಿ ಕೈಬಿಟ್ಟಿತ್ತು. ನಮ್ಮ ಘಟಕಗಳಿಗೆ ಇದರಿಂದ ಸಿಗುವ ಕೆಲಸ ಎರಡು. ಚೇಂಬರಿನೊಳಗಿನ ಅನಿಲ ಸುರಕ್ಷಿತ ಮಟ್ಟಕ್ಕೆ ಇಳಿಯದೆ ಬಾಗಿಲು ತೆರೆಯದಂಥ ಇಂಟರ್‌ಲಾಕ್ ಹಾಕಿಸಿ. ಅದನ್ನು ಮೀರುವ ಪಾಸ್‌ವರ್ಡ್ ಪಾಳಿಯಲ್ಲಿ ಯಾರ ಬಳಿಯೂ ಇರಬಾರದು. ಉತ್ಪಾದನೆಯ ಒತ್ತಡ ಇದ್ದ ರಾತ್ರಿಯೇ ಅದು ಬಳಕೆಯಾಗುವುದು.

ಹೊರಗಿನ ನಿಯಮದಿಂದ ಕಲಿಯುವುದೇನು?

ಅಮೆರಿಕದ ಪರಿಸರ ಸಂಸ್ಥೆ 2016ರ ಮೌಲ್ಯಮಾಪನದಲ್ಲಿ ಈ ಅನಿಲ ತಾನು ಮೊದಲು ಅಂದುಕೊಂಡಿದ್ದಕ್ಕಿಂತ ಬಹಳ ಹೆಚ್ಚು ಅಪಾಯಕಾರಿ ಎಂದು ತೀರ್ಮಾನಿಸಿತು. ಷಿಕಾಗೊ ಹೊರವಲಯದ ವಿಲೋಬ್ರೂಕ್‌ನ ಸ್ಟೆರಿಜೆನಿಕ್ಸ್ ಘಟಕ 2019ರಲ್ಲಿ ಮುಚ್ಚಿತು. 2022ರ ಸೆಪ್ಟೆಂಬರಿನಲ್ಲಿ ಅಲ್ಲಿನ ಜ್ಯೂರಿ, ಆ ಘಟಕದ ಅನಿಲದಿಂದ ಕ್ಯಾನ್ಸರ್ ಬಂತೆಂದು ದಾವೆ ಹೂಡಿದ್ದ ಒಬ್ಬ ಮಹಿಳೆಗೆ 36.3 ಕೋಟಿ ಡಾಲರ್ ಪರಿಹಾರ ಘೋಷಿಸಿತು. ಮರುವರ್ಷದ ಜನವರಿಯಲ್ಲಿ ಕಂಪನಿ ಉಳಿದ ನೂರಾರು ಮೊಕದ್ದಮೆಗಳನ್ನು 40.8 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. 2024ರ ಏಪ್ರಿಲ್ 5ರಂದು ಪ್ರಕಟವಾದ ಹೊಸ ನಿಯಮ ಸುಮಾರು 90 ಘಟಕಗಳಿಗೆ ಅನ್ವಯಿಸುತ್ತದೆ. ಬ್ಯಾಕ್ ವೆಂಟ್ ಮತ್ತೆ ನಿಯಂತ್ರಣಕ್ಕೆ ಬಂತು. ಕೋಣೆಯ ಗಾಳಿಯನ್ನು ಒಳಮುಖ ಒತ್ತಡದಲ್ಲಿ ಹಿಡಿದು ಶುದ್ಧಗೊಳಿಸಬೇಕು ಎಂಬುದು ಮೊದಲ ಸಲ ಸೇರಿತು. ಚಿಮಣಿಯಲ್ಲಿ ನಿರಂತರ ಮಾಪಕಗಳನ್ನು ಕೇಳಿತು. 2025ರ ಜುಲೈನಲ್ಲಿ ಅಲ್ಲಿನ ಅಧ್ಯಕ್ಷರು ಹಲವು ಘಟಕಗಳಿಗೆ ಎರಡು ವರ್ಷದ ವಿನಾಯಿತಿ ಕೊಟ್ಟರು. ರಾಜಕೀಯ ಹಿಂದೆ ಮುಂದೆ ಆಗುತ್ತಿರುತ್ತದೆ, ಅನಿಲದ ಗುಣ ಬದಲಾಗುವುದಿಲ್ಲ. ನಮ್ಮಲ್ಲಿ ಹೊಸ ಘಟಕ ಕಟ್ಟುವವರು ಗೋಡೆ ಎಬ್ಬಿಸುವ ಮೊದಲೇ ಕೋಣೆಯ ಗಾಳಿ ಒಳಮುಖವಾಗಿ ಎಳೆಯುವಂತೆ ನಕ್ಷೆ ಮಾಡಿಸುವುದು ಜಾಣತನ. ಕಟ್ಟಿದ ಮೇಲೆ ಇದನ್ನು ಸೇರಿಸಲು ಹೋದರೆ ಹಲವು ಪಟ್ಟು ಖರ್ಚು.

ಕಾಗದ ಮತ್ತು ಗಡುವು

ಅಪಾಯಕಾರಿ ತ್ಯಾಜ್ಯದ ವಾರ್ಷಿಕ ವಿವರ ನಮೂನೆ 4ರಲ್ಲಿ ಜೂನ್ 30ರೊಳಗೆ. ಪರಿಸರ ಹೇಳಿಕೆ ನಮೂನೆ 5ರಲ್ಲಿ ಸೆಪ್ಟೆಂಬರ್ 30ರೊಳಗೆ. ಸ್ಕ್ರಬ್ಬರ್ ದ್ರವ ಕಳಿಸುವಾಗ ಪ್ರತಿ ಲಾರಿಗೂ ಮ್ಯಾನಿಫೆಸ್ಟ್ ಬೇಕು. ಪುಣೆ ಜಿಲ್ಲೆಗೆ ರಾಂಜಣಗಾಂವ್‌ನಲ್ಲಿ ಸಾಮೂಹಿಕ ಸಂಸ್ಕರಣಾ ಘಟಕವಿದೆ, ನಮ್ಮಲ್ಲಿ ದಾಬಸ್‌ಪೇಟೆಯಲ್ಲಿ. ಗ್ಲೈಕಾಲನ್ನು ಕೊಳ್ಳುತ್ತೇವೆ ಎಂದು ಬರುವವರಿಗೆ ಮಂಡಳಿಯ ಅನುಮತಿ ಇದೆಯೇ ಎಂದು ನೋಡದೆ ಕೊಟ್ಟರೆ ಹೊಣೆ ನಿಮ್ಮದೇ. ಸಮ್ಮತಿ ಪತ್ರದಲ್ಲಿ ಅವಧಿ ನಮೂದಾಗಿದ್ದರೆ ಅದು ಮುಗಿಯುವ ಬಹಳ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಿ. ಚೇಂಬರ್ ಹೆಚ್ಚಿಸಿದರೆ, ಬಳಕೆ ಹೆಚ್ಚಿದರೆ ತಿದ್ದುಪಡಿ ಪಡೆಯಿರಿ.

ಆಸ್ಪತ್ರೆಗಳ ಸಣ್ಣ ಇಟಿಒ ಯಂತ್ರಗಳಿಗೂ ಇದೇ ಎಚ್ಚರ ಬೇಕು. ಒಂದು ಕಾರ್ಟ್ರಿಜ್‌ನಲ್ಲಿ ನೂರಿನ್ನೂರು ಗ್ರಾಂ ಅಷ್ಟೇ ಇದ್ದರೂ ಅದನ್ನು ಮುಚ್ಚಿದ ಕೋಣೆಯಲ್ಲಿ ಉಸಿರಾಡುವವರು ಇಬ್ಬರು ಮೂವರು ತಂತ್ರಜ್ಞರು. ಎಕ್ಸಾಸ್ಟ್ ಕೊಳವೆ ಪಕ್ಕದ ವಾರ್ಡಿನ ಕಿಟಕಿಗೆ ತೆರೆದಿಲ್ಲವೇ ಎಂದು ಒಮ್ಮೆ ಛಾವಣಿ ಹತ್ತಿ ನೋಡಿದರೆ ಸಾಕು. ಮಸಾಲೆಗೂ ಈ ಅನಿಲ ಬಳಸುತ್ತಾರೆ. 2024ರ ಏಪ್ರಿಲಿನಲ್ಲಿ ಹಾಂಗ್‌ಕಾಂಗ್, ಸಿಂಗಪುರಗಳು ಭಾರತದ ಕೆಲವು ಮಸಾಲೆ ಪುಡಿಗಳಲ್ಲಿ ಇದರ ಶೇಷ ಕಂಡು ತಡೆದವು. ಬ್ಯಾಡಗಿ ಮೆಣಸಿನಕಾಯಿ ರಫ್ತು ಮಾಡುವವರಿಗೆ ಉಗಿಯಿಂದ ಕ್ರಿಮಿಮುಕ್ತಗೊಳಿಸುವ ದಾರಿ ತೆರೆದೇ ಇದೆ.

ನೆರೆಯವರಿಗೂ ಹಕ್ಕಿದೆ. ಘಟಕದ ಸಮ್ಮತಿ ಪತ್ರ, ಅದರ ಷರತ್ತುಗಳು, ಪರೀಕ್ಷಾ ವರದಿಗಳನ್ನು ಮಾಹಿತಿ ಹಕ್ಕಿನಲ್ಲಿ ಮಂಡಳಿಯಿಂದ ಕೇಳಬಹುದು. ದೂರಿಗೆ ಮಂಡಳಿ ಕಿವಿಗೊಡದಿದ್ದರೆ ವಾಯು ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ 60 ದಿನಗಳ ನೋಟಿಸ್ ಕೊಟ್ಟು ಯಾರು ಬೇಕಾದರೂ ನ್ಯಾಯಾಲಯಕ್ಕೆ ಹೋಗಬಹುದು.

ಕೊನೆಯ ಮಾತು ಒಳಗೆ ದುಡಿಯುವವರಿಗೆ. ಭೋಪಾಲದ ನಂತರ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಸೇರಿದ ಅಧ್ಯಾಯ ಅಪಾಯಕಾರಿ ಕೆಲಸದವರ ಆರೋಗ್ಯ ದಾಖಲೆ ಇಡುವುದನ್ನೂ ಅದನ್ನು ಕಾರ್ಮಿಕರಿಗೆ ತೋರಿಸುವುದನ್ನೂ ಕಡ್ಡಾಯ ಮಾಡಿತು, ಅಪಾಯ ಕಂಡರೆ ಆಡಳಿತದ ಗಮನಕ್ಕೆ ತರುವ ಹಕ್ಕನ್ನೂ ಕೊಟ್ಟಿತು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಔದ್ಯೋಗಿಕ ಸುರಕ್ಷತಾ ಸಂಹಿತೆ ಬಂದಿದೆ. ಗುತ್ತಿಗೆಯ ಕೆಲಸಗಾರರಾದರೂ ನಿಮ್ಮ ಬ್ಯಾಡ್ಜಿನ ಅಂಕಿ, ರಕ್ತ ಪರೀಕ್ಷೆಯ ವರದಿಯ ಪ್ರತಿ ಕೇಳಿ ಪಡೆದು ಊರಿನ ಮನೆಯಲ್ಲಿ ಜೋಪಾನ ಮಾಡಿ. ಎಚ್ಚರಿಕೆಯ ಫಲಕ ಮರಾಠಿ, ಹಿಂದಿಯಲ್ಲಿ ಮಾತ್ರ ಇದ್ದು ನಿಮಗೆ ಓದಲು ಬಾರದಿದ್ದರೆ ಕನ್ನಡದಲ್ಲೂ ಬರೆಸಿಕೊಡಿ ಎಂದು ಸುರಕ್ಷತಾ ಅಧಿಕಾರಿಯನ್ನು ಕೇಳಿ. ಸಂಕೋಚಪಡುವ ವಿಷಯ ಇದಲ್ಲ.